ಪಡ್ಡಿನ ಹಂಚಿನಲ್ಲಿ ಉಂಡ ಕಂಡಕ್ಟರ್ ಕಾಕಾ

ಶಂಕ್ರಪ್ಪ ಕಾಕಾ ಉಣ್ಣುವುದನ್ನು ನಾನು ಪೂರ್ತಿ ನೋಡಿದ್ದೇ ಇಲ್ಲ. ನೋಡೋಣವೆಂದು ತಿರುಗುವಷ್ಟರಲ್ಲಿ ಅವರು ಕೈ ತೊಳೆಯುತ್ತಿದ್ದರು. ಬೆಳಗಾವಿ–ಖಾನಾಪುರ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಡ್ರೈವರ್ ಹಾರ್ನ್ ಹೊಡೆಯುವುದರೊಳಗೆ ಡಬ್ಬಿ ಖಾಲಿಯಾಗಬೇಕಿತ್ತು. ನಿವೃತ್ತರಾಗಿ ಶಿವಬಸವ ನಗರದಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಆ ಹಾರ್ನ್ ಅವರ ಕಿವಿ ಬಿಟ್ಟಿರಲಿಲ್ಲ. ಹಬ್ಬಕ್ಕೆ ಊಟಕ್ಕೆ ಕರೆದರೆ, ಅವ್ವ ತುಪ್ಪ ತರುವುದರೊಳಗೆ ಎಲೆಯಲ್ಲಿ ಹೋಳಿಗೆಯೇ ಇರುತ್ತಿರಲಿಲ್ಲ. "ಸಾವಕಾಶ ಉಣ್ರಿ" ಎಂದರೆ, "ಬಸ್ ಬಿಡೂ ಹೊತ್ತಾತವ್ವಾ" ಎಂದು ಎದ್ದೇ ಬಿಡುವರು.

ಅಂಥವರಿಗೆ ಅಂಥದ್ದೇ ನಾಯಿ ಗಂಟುಬಿತ್ತು. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮರಿ. "ಸರ್ವೀಸ್ ತುಂಬ ಚಿಲ್ಲರ ಚಿಲ್ಲರ ಅಂತ ಒದರಿದ್ನಿ, ಈಗ ಸಿಕ್ತು ನೋಡ್" ಎಂದು ಅದಕ್ಕೆ ಚಿಲ್ಲರ ಎಂದೇ ಹೆಸರಿಟ್ಟರು.

ಚಿಲ್ಲರ ಅನ್ನವನ್ನು ಅಗಿಯುತ್ತಿರಲಿಲ್ಲ, ನುಂಗುತ್ತಿತ್ತು. ನುಂಗಿದ್ದನ್ನು ಅಂಗಳದಲ್ಲಿ ಕಾರುತ್ತಿತ್ತು. ಒಂದು ದಿನ ಹೊಟ್ಟೆ ಉಬ್ಬಿ ಒದ್ದಾಡಿತು. ಕಾಕಾ ಅದನ್ನು ಟಾವೆಲಿನಲ್ಲಿ ಸುತ್ತಿ ರಿಕ್ಷಾ ಹತ್ತಿದರು, ಜೊತೆಗೆ ನಾನೂ ಹೋದೆ. "ಹಿಂಗ ಗಬಗಬ ತಿಂದ್ರ ಒಂದ್ ದಿನ ಹೊಟ್ಟಿ ತಿರುಚಿಕೊಂಡು ಸತ್ತ ಹೋಗ್ತೈತ್ರಿ. ಸಾವಕಾಶ ತಿನ್ನೂ ಹಂಗ ಮಾಡ್ರಿ" ಎಂದರು ಡಾಕ್ಟರು. ಬಸ್ಸಿನಲ್ಲಿ ಎಂಥ ಜಗಳಕ್ಕೂ ಜಗ್ಗದ ಕಾಕಾ ಅದೇ ಟಾವೆಲಿನಲ್ಲಿ ಕಣ್ಣೊರೆಸಿಕೊಂಡರು.

ಮೊದಲು ಕಾಕಾ ಅದರ ತಾಟಿನ ನಡುವೆ ನುಣ್ಣನೆಯ ದೊಡ್ಡ ಕಲ್ಲು ಇಟ್ಟರು. ಚಿಲ್ಲರ ಅದನ್ನು ಮೂತಿಯಿಂದ ಆಚೆ ದಬ್ಬಿ ಉಂಡಿತು. ಆಮೇಲೆ ಅವರ ಹೆಂಡತಿ ಶಾಂತಾ ಕಾಕು ತಮ್ಮ ಕಬ್ಬಿಣದ ಪಡ್ಡಿನ ಹಂಚನ್ನೇ ತಂದು ಗುಳಿಗುಳಿಗೂ ಚೂರು ಅನ್ನ ಹಾಕಿದರು. ಈ ಗುಳಿ ನೆಕ್ಕಿ ಆ ಗುಳಿಗೆ ಹೋಗುವಷ್ಟರಲ್ಲಿ ನಾಯಿ ತಾನಾಗಿಯೇ ನಿಧಾನವಾಯಿತು. ಆದರೆ ಪಕ್ಕದಲ್ಲಿ ಉಣ್ಣುತ್ತಿದ್ದ ಕಾಕಾ ಎದ್ದರೋ, ಮುಗಿಯಿತು! ತನ್ನನ್ನು ಬಿಟ್ಟು ಹೊರಟರೆಂದು ಅದು ಉಳಿದದ್ದನ್ನೆಲ್ಲ ಮತ್ತೆ ಗಬಗಬ ನುಂಗುತ್ತಿತ್ತು.

"ರೋಗ ನಾಯೀದಲ್ರಿ, ನಿಮ್ದು" ಎಂದರು ಕಾಕು. ಮರುದಿನವೇ ಪೇಟೆಯಿಂದ ಇನ್ನೊಂದು ಹಂಚು ತಂದು ಕಾಕಾಗೂ ಅದರಲ್ಲೇ ಬಡಿಸಿದರು. ಒಂದು ಗುಳಿಗೆ ಝುಣಕ, ಒಂದಕ್ಕೆ ಪುಂಡಿಪಲ್ಯ, ಒಂದಕ್ಕೆ ಶೇಂಗಾ ಚಟ್ನಿ. ಕಾಕಾ ಗೊಣಗಿದರು. ಆದರೆ ಚಿಲ್ಲರದ ಜೀವದ ಪ್ರಶ್ನೆ. ರೊಟ್ಟಿ ಮುರಿದು ಗುಳಿ ಗುಳಿ ತಡವುತ್ತ ಉಂಡರು. ನಡುವೆ ಕೈ ನಿಲ್ಲಿಸಿ, "ಪುಂಡಿಪಲ್ಯಾಕ ಬಳ್ಳೊಳ್ಳಿ ಒಗ್ಗರಣಿ ಹಾಕೀಯೇನ? ಭಾರೀ ಆಗೇತಿ" ಎಂದರು.

"ಲಗ್ನ ಆದಾಗಿಂದ ಹಾಕಾಕತ್ತೇನ್ರಿ" ಎಂದು ಕಾಕು ಒಳಗೆ ಹೋಗಿ ಇನ್ನಷ್ಟು ಪಲ್ಯ ತಂದರು.

ಅಲ್ಲಿಂದ ಕಾಕಾನ ಮಾತೇ ಬದಲಾಯಿತು. ಆಫೀಸಿಗೆ ಓಡುವ ನನ್ನನ್ನು ಕಂಪೌಂಡಿನಿಂದಲೇ ತಡೆದು, "ಒಂದ್ ರೊಟ್ಟಿ ತಿಂದ್ ಹೋಗವಾ. ಈ ಬಸ್ ಹೋದ್ರ ಹಿಂದ ಇನ್ನೊಂದು ಬರ್ತೈತಿ" ಎನ್ನುತ್ತಿದ್ದರು. ನಾನು ಎಷ್ಟೋ ಬಸ್ ಬಿಟ್ಟು ಅಲ್ಲಿ ಉಂಡಿದ್ದೇನೆ.

ಕಳೆದ ಚಳಿಗಾಲದಲ್ಲಿ ಕಾಕಾ ಹೋದರು. ಹೋಗುವುದರಲ್ಲಿ ಮಾತ್ರ ಹಳೆಯ ಅವಸರ; ಬೆಳಿಗ್ಗೆ ಎದೆನೋವೆಂದವರು ದವಾಖಾನೆ ಮುಟ್ಟಲಿಲ್ಲ. ಅವರಿಲ್ಲದಿರುವುದು ನನಗೆ ಇನ್ನೂ ರೂಢಿಯಾಗಿಲ್ಲ.

ಮೊನ್ನೆ ಹೋದಾಗ ಕಾಕು ಎರಡನೇ ಹಂಚಿನಲ್ಲಿ ತಾವು ಬಡಿಸಿಕೊಂಡು ನಾಯಿಯ ಪಕ್ಕ ಕೂತಿದ್ದರು. ಚಿಲ್ಲರ ಒಂದು ಗುಳಿ ನೆಕ್ಕಿ ಬಾಗಿಲ ಕಡೆ ನೋಡುತ್ತ ನಿಂತಿತ್ತು. ಎಷ್ಟು ಹೊತ್ತಾದರೂ ಎರಡನೇ ಗುಳಿಗೆ ಬಾಯಿ ಹಾಕಲಿಲ್ಲ. ಕಾಕು ಅದರ ತಲೆ ಸವರಿದರು.

"ಲಗೂ ಉಣ್ಣ ಚಿಲ್ಲರ, ಬಸ್ ಬಿಡೂ ಹೊತ್ತಾತು."