ಗಡಿ ಊರಿನ ಕಾಯ್ದೆ

ಮೊನ್ನೆ ಗದಗಿನ ಬಟ್ಟೆ ಅಂಗಡಿಯೊಂದರಲ್ಲಿ ಅಂಗಡಿಯಾತ ನನ್ನ ಮುಂದೆ ಕೈಮಗ್ಗದ ಸೀರೆಯೊಂದರ ಮಡಿಕೆ ಬಿಚ್ಚಿದ. ಗಂಜಿಯ ವಾಸನೆ ಬಂತು. ಹೊಸ ಸೀರೆಯಿಂದ ಬರುವುದು ಒಣಗಿದ ಗಂಜಿಯ ವಾಸನೆ, ಅದನ್ನು ಎಲ್ಲರೂ ಬಲ್ಲರು. ಹಸಿ ಗಂಜಿಯ ವಾಸನೆ ಗೊತ್ತಿರುವುದು ನೇಕಾರರ ಓಣಿಯಲ್ಲಿ ಬೆಳೆದವರಿಗೆ ಮಾತ್ರ. ನಮ್ಮ ಓಣಿಯಲ್ಲಿ ಬಿಸಿಲೇರುವ ಮೊದಲೇ ಹಾಸಿನ ನೂಲನ್ನು ಉದ್ದಕ್ಕೂ ಎಳೆದು ಕಟ್ಟಿ, ಕುಂಚದಿಂದ ಗಂಜಿ ಸವರುತ್ತಿದ್ದರು. ತುಸು ಹುಳಿ, ತುಸು ಅನ್ನದ ತಿಳಿ, ತುಸು ಬಣ್ಣದ ನೀರು ಕೂಡಿದ ಆ ವಾಸನೆಯೊಳಗೇ ನಾವು ಹಲ್ಲುಜ್ಜಿ, ರೊಟ್ಟಿ ತಿಂದು, ಶಾಲೆಗೆ ಹೋಗಿ ಬಂದು ದೊಡ್ಡವರಾದೆವು. ಸೀರೆಯನ್ನು ಮೂಗಿಗೆ ಹಿಡಿದು ನಿಂತೇಬಿಟ್ಟ ನನ್ನನ್ನು ಕಂಡು ಅಂಗಡಿಯಾತ, "ಅಕ್ಕಾರ, ಬಣ್ಣ ಹೋಗಂಗಿಲ್ಲರಿ, ಗ್ಯಾರಂಟಿ ಐತಿ" ಎಂದ. ಬಣ್ಣದ ಚಿಂತೆ ಯಾರಿಗಿತ್ತು? ನನಗೆ ಗೌರತ್ತಿ ನೆನಪಾಗಿದ್ದಳು, ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ ನಾನು ಅವಳಿಗೆ ಮಾಡಿದ ಅನ್ಯಾಯವೂ ನೆನಪಾಗಿತ್ತು.

ಬೆಟಗೇರಿಯ ನಮ್ಮ ಮನೆ ಈಗ ಇಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ, ಅದರ ಮೇಲೆ ಟ್ಯೂಷನ್ ಕ್ಲಾಸು ಇವೆ. ಆಗ ಅದು ರೈಲಿನ ಡಬ್ಬಿಯಂಥ ಉದ್ದನೆಯ ಮನೆ. ಹೊಸ್ತಿಲು ದಾಟಿದರೆ ಪಡಸಾಲೆ, ಅಲ್ಲಿ ಸಾಲಾಗಿ ನಾಲ್ಕು ಕುಣಿಮಗ್ಗ. ಎರಡರಲ್ಲಿ ಅಪ್ಪ ಮತ್ತು ಕಾಕಾ, ಇನ್ನೆರಡರಲ್ಲಿ ಅವ್ವ ಮತ್ತು ಕಾಕು, ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ನಾಲ್ಕು ಲಾಳಿಗಳ ಸದ್ದು ಒಮ್ಮೊಮ್ಮೆ ಒಂದೇ ತಾಳಕ್ಕೆ ಬಂದುಬಿಡುತ್ತಿತ್ತು, ಆಗ ಯಾರಾದರೂ ನಕ್ಕೇ ನಗುತ್ತಿದ್ದರು. ಗೌರತ್ತಿ ನನ್ನ ಅಜ್ಜನ ತಂಗಿ. ಹೆಸರು ಗೌರವ್ವ. ಅಪ್ಪ ಅವಳನ್ನು ಅತ್ತಿ ಎಂದು ಕರೆಯುತ್ತಿದ್ದ, ಎರಡೂ ಕೂಡಿ ನಮ್ಮ ಬಾಯಲ್ಲಿ ಗೌರತ್ತಿ ಆಗಿತ್ತು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು, ಬಂದ ಮರುದಿನವೇ ರಾಟಿಯ ಮುಂದೆ ಕೂತಳಂತೆ. ನಾಲ್ಕೂ ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕೆಗಳನ್ನು ಅವಳೊಬ್ಬಳೇ ಸುತ್ತುತ್ತಿದ್ದಳು. ಅವಳ ಕೈ ನಿಂತರೆ ಮನೆಯೇ ನಿಲ್ಲುತ್ತಿತ್ತು. ಆದರೂ ಅವಳು ಊಟಕ್ಕೆ ಕೂರುತ್ತಿದ್ದುದು ಎಲ್ಲರದೂ ಆದ ಮೇಲೆ.

ಬಸು ಕಾಕಾನ ಮಗ, ನನಗಿಂತ ಒಂದು ವರ್ಷ ದೊಡ್ಡವನು. ಅವನ ಸೋದರಮಾವ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಒಂದು ಬೇಸಿಗೆ ರಜೆಯಲ್ಲಿ ಅವನು ಇಂಗ್ಲಿಷಿನ ಯಾವುದೋ ಆಟದ ಪುಸ್ತಕದ ಝೆರಾಕ್ಸ್ ಹಾಳೆಗಳನ್ನೂ ಇಪ್ಪತ್ತು ಮುಖದ ದಾಳವೊಂದನ್ನೂ ಬಸೂಗೆ ಕೊಟ್ಟುಹೋದ. ನಮ್ಮ ಇಂಗ್ಲಿಷಿಗೆ ಆ ಪುಸ್ತಕ ಕಾಲುಭಾಗವೂ ದಕ್ಕಲಿಲ್ಲ. ತಿಳಿದದ್ದು ಇಷ್ಟು: ಒಂದು ಲೋಕವನ್ನು ನಾವೇ ಕಟ್ಟಬೇಕು, ಅದರಲ್ಲಿ ರಾಜ್ಯಗಳಿರಬೇಕು, ಆ ರಾಜ್ಯದೊಳಗಿನ ಒಬ್ಬರ ವೇಷ ಹಾಕಿ ಮಾತಾಡಬೇಕು, ಮುಂದೇನಾಗುತ್ತದೆಂದು ದಾಳ ಹೇಳುತ್ತದೆ. ನಮಗೆ ಅಷ್ಟು ಸಾಕಾಯಿತು. ಅಪ್ಪ ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ತಾರ ಬರೆಯುತ್ತಿದ್ದ ಗ್ರಾಫ್ ಹಾಳೆಗಳನ್ನು ಅಂಟಿಸಿ ನಕಾಶೆ ಮಾಡಿದೆವು. ಒಂದು ಚೌಕಕ್ಕೆ ಒಂದು ದಿನದ ನಡಿಗೆ. ನನ್ನದು ಮೇಘಾವತಿ. ಅಲ್ಲಿ ಮನುಷ್ಯರ ಯೋಗ್ಯತೆಯನ್ನು ಉಟ್ಟ ಬಟ್ಟೆಯ ದಡಿ ನೋಡಿ ಹೇಳಬಹುದಿತ್ತು, ಸುಳ್ಳು ಹೇಳಿದವರು ವರ್ಷಪೂರ್ತಿ ದಡಿಯಿಲ್ಲದ ಬಟ್ಟೆ ಉಡಬೇಕಿತ್ತು. ಬಸೂನದು ಕರಿಕೋಟೆ, ಕಪ್ಪತಗುಡ್ಡದಂಥ ಗುಡ್ಡಸಾಲಿನ ಮೇಲೆ. ಅವರು ನೂಲು ಮುಟ್ಟುವವರಲ್ಲ, ತೊಗಲು ಉಡುವವರು, ಕಬ್ಬಿಣದ ಮೇಲೆ ಆಣೆ ಮಾಡುವವರು. ಅವರ ಕುದುರೆಗಳು ಹುಲ್ಲು ತಿನ್ನುತ್ತಿರಲಿಲ್ಲ, ಗಾಳಿ ತಿನ್ನುತ್ತಿದ್ದವು.

ನಕಾಶೆ ಹಾಸಲು ಮನೆಯಲ್ಲಿ ಖಾಲಿಯಿದ್ದ ಜಾಗ ಒಂದೇ, ಗೌರತ್ತಿಯ ರಾಟಿಯ ಪಕ್ಕ. ಅವಳಿಗೆ ಓದು ಬರುತ್ತಿರಲಿಲ್ಲ. ನಾವು ಜೋರಾಗಿ ಹೇಳಿಕೊಂಡು ಆಡುತ್ತಿದ್ದೆವು, ಅವಳು ಕೇಳುತ್ತಿದ್ದಳು. ಮೂರನೆಯ ದಿನ, "ಗಾಳಿ ತಿಂದ ಕುದುರಿ ಲದ್ದಿ ಏನು ಹಾಕ್ತೈತಲೇ ಬಸ್ಯಾ?" ಎಂದಳು. ಬಸು ತಬ್ಬಿಬ್ಬಾಗಿ, ಹಾಕುವುದೇ ಇಲ್ಲ ಎಂದ. "ಲದ್ದಿ ಇಲ್ಲಂದ್ರ ಹೊಲಕ್ಕ ಗೊಬ್ಬರ ಎಲ್ಲಿದು? ನಿನ್ನ ಮಂದಿ ಏನು ಉಣ್ತಾರ?" ನಾನು ಬಿದ್ದು ಬಿದ್ದು ನಕ್ಕೆ. ಬಸು ಒಂದು ದಿನ ಮುಖ ಊದಿಸಿಕೊಂಡು ತಿರುಗಾಡಿ, ಮರುದಿನ ತನ್ನ ನಾಡಿನಲ್ಲಿ ಬೆಳೆಯೇ ಬರುವುದಿಲ್ಲ, ಅದಕ್ಕೇ ಅವರು ಮೇಘಾವತಿಯ ಮೇಲೆ ದಂಡೆತ್ತಿ ಬರುತ್ತಾರೆ ಎಂದು ಹೊಸ ಇತಿಹಾಸ ಬರೆದುಕೊಂಡು ಬಂದ. ಹೀಗೆ ನಮ್ಮ ಎರಡು ಸಾಮ್ರಾಜ್ಯಗಳ ವೈರ ಹುಟ್ಟಿದ್ದು ಕುದುರೆ ಲದ್ದಿಯಿಂದ. ಆಮೇಲೆ ಅವಳ ಪ್ರಶ್ನೆಗಳಿಗೆ ಲಗಾಮೇ ಇರಲಿಲ್ಲ. ಯುದ್ಧಕ್ಕೆ ಹೋದವರ ಮನೆಗೆ ನೀರು ಯಾರು ತರುತ್ತಾರೆ? ನಿನ್ನ ರಾಣಿಗೆ ಕಣ್ಣು ಮಂಜಾದರೆ ದಡಿ ನೋಡುವವರು ಯಾರು? ರಾಜರನ್ನೂ ಸೈನಿಕರನ್ನೂ ಬಿಟ್ಟು ಬೇರೆ ಮಂದಿ ನಮ್ಮ ತಲೆಯಲ್ಲಿ ಇರಲೇ ಇಲ್ಲ. ಅವರನ್ನೆಲ್ಲ ಒಳಗೆ ತಂದವಳು ಅವಳು. ಒಂದು ಮಧ್ಯಾಹ್ನ ನನ್ನನ್ನು ಕೇಳಿದಳು, "ನಿನ್ನ ರಾಜ್ಯದಾಗ ಮುದುಕ್ಯಾರು ಎಲ್ಲಿ ಇರ್ತಾರವಾ?" ನಾನು ವಿಚಾರ ಮಾಡದೇ, "ಅರಮನ್ಯಾಗ" ಎಂದೆ. "ಎಲ್ಲಾ ಮುದುಕ್ಯಾರೂ?" "ಹೂಂ, ಎಲ್ಲಾರೂ." ಅವಳು ನೂಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆಯುತ್ತ, "ಹಂಗಾದ್ರ ನಾ ನಿನ್ನ ರಾಜ್ಯದಾಗನ ಇರಾಕಿ" ಎಂದು ನಕ್ಕಳು.

ಎರಡು ರಾಜ್ಯಗಳ ನಡುವೆ ಒಂದು ಊರಿತ್ತು. ಅದಕ್ಕೆ ಹೆಸರಿಟ್ಟಿರಲಿಲ್ಲ, ಗಡಿ ಊರು ಅಷ್ಟೇ. ಅಲ್ಲೊಂದು ಎಂದೂ ಬತ್ತದ ಬಾವಿ. ನನಗೆ ಅದರ ನೀರು ಬಣ್ಣ ಅದ್ದಲು ಬೇಕು, ಬಸೂಗೆ ಕುಡಿಯಲು ಬೇಕು. ಆ ಊರಿಗಾಗಿ ನಾಲ್ಕು ದಿನ ಕಾದಾಡಿದೆವು. ದಾಳ ಒಮ್ಮೆ ಅವನಿಗೆ ಕೊಟ್ಟರೆ ಮತ್ತೊಮ್ಮೆ ನನಗೆ. ಕೊನೆಗೆ ಇಬ್ಬರಿಗೂ ಸಾಕಾಗಿ, ನಾನೇ ಒಂದು ಕಾಯ್ದೆ ಬರೆದೆ: ಗಡಿ ಊರು ಯುಗಾದಿಯಿಂದ ದಸರೆಯವರೆಗೆ ಕರಿಕೋಟೆಯದು, ದಸರೆಯಿಂದ ಯುಗಾದಿಯವರೆಗೆ ಮೇಘಾವತಿಯದು. ಕೆಳಗೆ ಇಬ್ಬರೂ ಹೆಬ್ಬೆಟ್ಟು ಒತ್ತಿದೆವು. ನನ್ನ ಜಾಣತನಕ್ಕೆ ನಾನೇ ಹಿಗ್ಗಿಹೋದೆ.

ಅದೇ ವರ್ಷ ಮನೆ ಒಡೆಯಿತು. ಜಗಳವಾಡಿ ಒಡೆದ ಮನೆಯಲ್ಲ ಅದು. ಕಾಕಾನಿಗೆ ಮಗ್ಗ ಬೇಸರವಾಗಿತ್ತು. ಲಕ್ಷ್ಮೇಶ್ವರದ ಕಾಳಿನ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು, ಅಲ್ಲೊಂದು ಬಾಡಿಗೆ ಖೋಲಿಯನ್ನೂ ಹಿಡಿದಿದ್ದ. ಮನೆಯ ಹಿಂದಿನ ಅರ್ಧವನ್ನು ಬೇರೆಯವರಿಗೆ ಕೊಡುವುದೆಂದು ಮಾತಾಯಿತು. ಪಾಲಿನ ದಿನ ಓಣಿಯ ಹಿರಿಯರು ಪಡಸಾಲೆಯಲ್ಲಿ ಕೂತರು. ಮಗ್ಗ, ಹಂಡೆ, ಕೊಪ್ಪರಿಗೆ, ದೇವರ ಸಾಮಾನು ಎಲ್ಲ ಸಲೀಸಾಗಿ ಮುಗಿಯಿತು. ಆಮೇಲೆ ಒಬ್ಬ ಹಿರಿಯರು, "ಗೌರವ್ವನ ವಿಚಾರ ಏನು?" ಎಂದರು. ಅವಳು ಯಾರಿಗೂ ಬೇಡವಾಗಿದ್ದಳು ಅಂತಲ್ಲ. ನಮಗೆ ಉಳಿಯುತ್ತಿದ್ದುದು ಎರಡು ಮಗ್ಗ ಹಿಡಿದು ಕಾಲು ಚಾಚಲೂ ಆಗದಷ್ಟು ಜಾಗ, ಕಾಕಾನದು ಒಂದೇ ಖೋಲಿ. ಅಪ್ಪ, "ಅತ್ತಿ ನಮ್ಮಾಕಿನ ಅಲ್ಲೇನ್ರಿ" ಎಂದ. ಕಾಕಾನೂ, "ನಮಗೇನು ಬ್ಯಾರೇ ಏನ್ರಿ" ಎಂದ. ಇಬ್ಬರೂ ಅಷ್ಟಕ್ಕೇ ನಿಂತರು. ಚಹಾ ಆರುತ್ತಿತ್ತು. ಆಗ ಬಾಗಿಲ ಹತ್ತಿರ ನಿಂತಿದ್ದ ನಾನು, "ಗಡಿ ಊರಿನ ಹಂಗ ಮಾಡ್ರಿ" ಎಂದೆ.

ಏನದು ಎಂದು ಅವರು ಕೇಳಿದರು. ನಾನು ಓಡಿಹೋಗಿ ಕಾಯ್ದೆಯ ಹಾಳೆ ತಂದೆ. ಆ ಹಿರಿಯರು ಮೂಗಿಗೆ ಚಾಳೀಸು ಏರಿಸಿಕೊಂಡು ಗಟ್ಟಿಯಾಗಿ ಓದಿದರು, ಎಲ್ಲರೂ ನಕ್ಕರು. ಉಸಿರು ಬಿಟ್ಟಂಥ ನಗು. "ಭಲೆ! ನಾವು ತಲಿ ಬೆಳ್ಳಗ ಮಾಡ್ಕೊಂಡು ಕುಂತೀವಿ, ಹುಡುಗಿ ಕೂಸಿನಂಥಾಕಿ ನ್ಯಾಯ ಹೇಳಿದ್ಲು ನೋಡ್ರಿ. ಯುಗಾದಿಗಿ ಅಲ್ಲೆ, ದಸರಾಕ್ಕ ಇಲ್ಲೆ. ಆತು ಬಿಡ್ರಿ" ಎಂದರು ಹಿರಿಯರು. ಅಪ್ಪ ನನ್ನ ತಲೆ ಸವರಿದ. ಅವ್ವ ನನ್ನ ಕೈಗೆ ಎರಡು ಬೆಲ್ಲದುಂಡೆ ಕೊಟ್ಟಳು. ಗೌರತ್ತಿ ಅಲ್ಲೇ ಐದು ಮಾರು ದೂರದಲ್ಲಿ ರಾಟಿಯ ಮುಂದೆ ಕೂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ, ನನ್ನನ್ನು ಯಾರು ಯಾರು ನೋಡುತ್ತಿದ್ದಾರೆಂದು ನೋಡುವುದರಲ್ಲೇ ನಾನಿದ್ದೆ. ಅಷ್ಟು ಸಂತೋಷದ ದಿನ ಅದಕ್ಕೂ ಮೊದಲು ನನಗೆ ಬಂದಿರಲಿಲ್ಲ, ಹೇಳಲು ನಾಚಿಕೆಯಾಗುತ್ತದೆ. ಬಸು ಮಾತ್ರ ಹಿತ್ತಲಿನಲ್ಲಿ ನನ್ನ ತೋಳು ಹಿಡಿದು, "ಅದು ಆಟದ್ದು ಲೇ ಶೈಲಾ" ಎಂದ. ಬೆಲ್ಲದುಂಡೆ ಕೊಡಲು ಹೋದರೆ ತಗೊಳ್ಳಲಿಲ್ಲ. ಆಮೇಲೆ ನಾವಿಬ್ಬರೂ ಆ ನಕಾಶೆಯನ್ನು ಬಿಚ್ಚಲಿಲ್ಲ. ಅವನು ಈಗ ಮುಂಡರಗಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ಮದುವೆ ಮುಂಜಿಗಳಲ್ಲಿ ಸಿಗುತ್ತೇವೆ, ಮಕ್ಕಳ ಓದಿನ ಮಾತಾಡುತ್ತೇವೆ.

ಒಂಬತ್ತು ವರ್ಷ ಗೌರತ್ತಿ ಹೀಗೆ ಹೋಗಿ ಬಂದಳು. ಲಕ್ಷ್ಮೇಶ್ವರದಲ್ಲಿ ಮಗ್ಗವಿಲ್ಲ, ರಾಟಿಯಿಲ್ಲ. ಅಲ್ಲಿ ಜೋಳ ಹಸನು ಮಾಡಿಕೊಂಡು, ಸೋಮೇಶ್ವರನ ಗುಡಿಯ ಕಟ್ಟೆಯ ಮೇಲೆ ಕೂತು ಬರುತ್ತಿದ್ದಳಂತೆ. ಇಲ್ಲಿಗೆ ಬಂದ ಮೊದಲ ವಾರ ಅವಳ ಕೈ ನೂಲು ಹರಿಯುತ್ತಿತ್ತು, ವಾರ ಕಳೆದ ಮೇಲೆ ಹದಕ್ಕೆ ಬರುತ್ತಿತ್ತು. ಕೊನೆಗೆ ಒಂದು ಶ್ರಾವಣದಲ್ಲಿ ಲಕ್ಷ್ಮೇಶ್ವರದಲ್ಲೇ ತೀರಿಕೊಂಡಳು. ಅವತ್ತು ಅಪ್ಪ ಕಾಕಾ ಇಬ್ಬರೂ ಮಣ್ಣು ಮಾಡುವುದು ತಮ್ಮ ಹಕ್ಕೆಂದು ಹಟ ಹಿಡಿದರು. ಅತ್ತಿ ನಮ್ಮಾಕಿ, ಅತ್ತಿ ನಮ್ಮಾಕಿ ಎಂದು ಇಬ್ಬರೂ ಅತ್ತರು. ಖರೆ ದುಃಖವೇ ಅದು. ನನಗೆ ಮಾತ್ರ ಅಳು ಬರಲಿಲ್ಲ, ಸಿಟ್ಟು ಬಂತು, ಆ ಸಿಟ್ಟು ಯಾರ ಮೇಲೆಂದು ತಿಳಿಯದೇ ಹೊರಗೆ ಬಂದು ನಿಂತೆ.

ಅವಳು ತೀರಿಕೊಳ್ಳುವ ನಾಲ್ಕು ತಿಂಗಳ ಮುಂಚೆ, ಯುಗಾದಿಯ ಮರುದಿನ, ಅವಳನ್ನು ಬಸ್ಸು ಹತ್ತಿಸಲು ನಾನೇ ಹೋಗಿದ್ದೆ. ಆಗ ನಾನು ಡಿಗ್ರಿ ಕೊನೆಯ ವರ್ಷ. ಗದಗಿನ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಬಸ್ಸು ತಡವಾಗಿತ್ತು. ಇದ್ದಕ್ಕಿದ್ದಂತೆ ಅವಳು, "ನಿಮ್ಮ ಆ ಗಡಿ ಊರಿನ ಬಗ್ಗೆ ನಾ ಬಾಳ ವಿಚಾರ ಮಾಡೇನಿ" ಎಂದಳು. ನಾನು ಅವಳತ್ತ ತಿರುಗಿದೆ. "ಹೋಗೂ ಮುಂದ ಬರೂ ಮುಂದ ಬಸ್ಸಿನ್ಯಾಗ ಏನು ಕೆಲಸ? ಅದ ವಿಚಾರ. ಆ ಊರಿನವರು ಮಾವಿನ ಗಿಡ ಹಚ್ಚೂದಿಲ್ಲವಾ. ಐದು ತಿಂಗಳದಾಗ ಕೈಗಿ ಬರೂದನ್ನಷ್ಟ ಬಿತ್ತತಾರ. ಆರನೇ ತಿಂಗಳು ಗಂಟು ಕಟ್ಟಾಕ ಬೇಕಲ್ಲ." ಅವಳು ನಗುತ್ತಲೇ ಹೇಳುತ್ತಿದ್ದಳು, ಕಥೆ ಹೇಳುವವಳ ಹಾಗೆ. "ಒಬ್ಬ ರಾಜಾನ ಮುಂದ ಇನ್ನೊಬ್ಬ ರಾಜಾನ ಮನಿ ಸಾರು ಚಲೋ ಇತ್ತು ಅನ್ನಬಾರದು. ಅದು ಅಲ್ಲಿ ದೊಡ್ಡ ಕಾಯ್ದೆ. ಮತ್ತ ಜಡ್ಡು ಬೀಳೂದಿದ್ರ ನಡು ತಿಂಗಳದಾಗ ಬೀಳಬೇಕು. ದಸರಾ ಹತ್ರ ಬಂದಾಗ ಬಿದ್ರ, ಮುಂದಿನ ರಾಜಾನ ಮಂದಿ ಈ ಜಡ್ಡು ನಮ್ಮಲ್ಲಿದಲ್ಲ, ಅವರಲ್ಲಿಂದ ತಂದದ್ದು ಅಂತಾರ." ಮೇಘಾವತಿಯ ರಾಣಿಯಾಗಿದ್ದ ನನಗೆ ನನ್ನ ಲೋಕದ ಆ ಒಂದು ಊರಿನ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಅದನ್ನು ಅವಳು ಒಂಬತ್ತು ವರ್ಷದಿಂದ ಒಬ್ಬಳೇ ಕಟ್ಟುತ್ತಿದ್ದಳು.

"ಗೌರತ್ತಿ, ಅವತ್ತು ನಾ ಆ ಹಾಳಿ ತರಬಾರದಿತ್ತು. ನಂದು ತಪ್ಪಾತು" ಎಂದೆ. ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ನೀ ಸಣ್ಣಾಕಿ ಇದ್ದಿ. ಅಷ್ಟು ಮಂದಿ ಹಿರ್ಯಾರು ಕುಂತಿದ್ರು, ತಪ್ಪು ನಿಂದು ಹೆಂಗ ಆಕ್ಕೈತಿ?" ನಾನು ನಿರಾಳವಾದೆ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದೆ ಎಂದುಕೊಂಡೆ. ಆಗ ಅವಳು ಬಸ್ಸು ಬರುವ ದಿಕ್ಕಿಗೆ ನೋಡುತ್ತ ಹೇಳಿದಳು, "ಅವರು ನನ್ನ ಕೇಳಲಿಲ್ಲ ಅಂತ ನನಗ ಬ್ಯಾಸರ ಇಲ್ಲ. ಅವರು ಎಂದೂ ಕೇಳಿದವರಲ್ಲ. ಆದ್ರ ನೀ ಒಂದು ಮಾತು ಕೇಳ್ತಿ ಅಂತ ಅನ್ಕೊಂಡಿದ್ನಿ. ರಾಟಿ ನಿಲ್ಲಿಸಿ ನಿನ್ನ ಮಾರಿ ನೋಡಿದ್ನಿ."

ಅಷ್ಟರಲ್ಲಿ ಲಕ್ಷ್ಮೇಶ್ವರದ ಬಸ್ಸು ಬಂತು. ಮಂದಿ ನುಗ್ಗಿದರು. ನಾನು ಮುಂದೆ ನುಗ್ಗಿ ಕಿಟಕಿ ಪಕ್ಕದ ಸೀಟು ಹಿಡಿದು ಅವಳನ್ನು ಕೂರಿಸಿದೆ, ಚೀಲವನ್ನು ಅವಳ ಕಾಲ ಬುಡದಲ್ಲಿಟ್ಟೆ, ನೀರಿನ ಬಾಟಲಿ ಕೈಗೆ ಕೊಟ್ಟು ಕೆಳಗಿಳಿದೆ. ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತು ಔಷಧದ ಮಾತು, ಕಾಕುವಿನ ಮೊಣಕಾಲ ನೋವಿನ ಮಾತು, ಬಿಸಿಲಿನ ಮಾತು ಆಡಿದೆ. ಪಾಲಿನ ದಿನ ಕೇಳಿದ್ದರೆ ನೀನು ಏನು ಅನ್ನುತ್ತಿದ್ದೆ ಗೌರತ್ತಿ ಎಂದು ಅವತ್ತೂ ನಾನು ಕೇಳಲಿಲ್ಲ.