ನಾಲಿಗೆ ಕಟ್ಟಿದ ಗಂಟೆಗಳು

ಪದಕ ತೊಡಿಸಲು ಬಂದ ಪ್ರಾಂತಾಧಿಕಾರಿಯ ಪಿನ್ನು ಸ್ತೆರ್ಯೋಸನ ಮೇಕೆಗೂದಲ ಕಂಬಳಿಗೆ ಸೋತು ಬಾಗಿತು. ಅದನ್ನು ನೆಟ್ಟಗೆ ಮಾಡಿ ಇನ್ನೊಮ್ಮೆ ಒತ್ತಿದಾಗ ಕಂಬಳಿ ದಾಟಿ, ಅಂಗಿ ದಾಟಿ, ಎಪ್ಪತ್ತೊಂದು ವರ್ಷದ ಎದೆಗೇ ನಾಟಿತು. ಎದೆಗೆ ನಾಟುವ ಸನ್ಮಾನ ಎಂದರೆ ಇದೇ ಇರಬೇಕು. ಮುದುಕ ಬೆಚ್ಚಿ ಹಾರಿದ ರಭಸಕ್ಕೆ ಪದಕ ಪಾದ್ರಿಗಳ ಕಾಫಿ ಬಟ್ಟಲಿಗೆ ಬಿತ್ತು.

ಮರದಡಿ ನೆರೆದಿದ್ದ ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನ ಭಾವಮೈದುನ ಲಾಂಬ್ರೋಸ್.

"ಭಾವ, ಪದಕ ನಿಂದು, ಕಂಬಳಿ ನಂದು. ತೂತು ಬಿದ್ರೆ ಹೊಲಿಸಿ ಕೊಡು."

ಸ್ತೆರ್ಯೋಸನ ಸ್ವಂತ ಕಂಬಳಿ ಹಿಂದಿನ ಅಕ್ಟೋಬರಿನಲ್ಲೇ ಹೋಗಿತ್ತು. ಅದು ಹೋದ ಕಥೆಯೇ ಪದಕ ಬಂದ ಕಥೆ.

ಆಗ ಅವನ ಹೆಂಡತಿ ಎವಾಂಥಿಯ ತೀರಿಕೊಂಡು ಮೂರು ವಾರವಾಗಿತ್ತು. ಪಿಂದೋಸ್ ಬೆಟ್ಟದ ಕುರುಬರ ಮನೆಯಲ್ಲಿ ಸಾವಾದರೆ ಮಂದೆಗೂ ಸೂತಕ. ಕುರಿಗಳ ಕೊರಳ ಗಂಟೆಗಳಿಗೆ ಉಣ್ಣೆ ತುರುಕಿ ನಲವತ್ತು ದಿನ ನಾಲಿಗೆ ಕಟ್ಟುತ್ತಿದ್ದರು. ಈಗ ಯಾರೂ ಮಾಡುವುದಿಲ್ಲ, ಸ್ತೆರ್ಯೋಸ್ ಮಾಡಿದ. ನೂರ ಅರವತ್ತು ಗಂಟೆಗೆ ಆರು ತಾಸು ಹಿಡಿಯಿತು. ಲಾಂಬ್ರೋಸ್ ಬಂದು ರೇಗಿದ. ಸತ್ತವಳು ತನ್ನ ಒಡಹುಟ್ಟಿದವಳೇ, ಆದರೆ ಮಂಜಿನ ಕಾಲದಲ್ಲಿ ಸದ್ದಿಲ್ಲದ ಕುರಿಯನ್ನು ತೋಳ ಹೊತ್ತೊಯ್ದರೂ ತಿಳಿಯುವುದಿಲ್ಲ ಎಂದ.

"ಅಕ್ಕ ಬದುಕಿದ್ದಾಗ ಅವಳ ಮಾತು ಒಂದಿನಾನೂ ಕೇಳ್ಲಿಲ್ಲ. ಈಗ ಕುರಿಗಳ ಬಾಯಿ ಮುಚ್ಚಿಸ್ತೀಯ."

"ಅದಕ್ಕೇ ಕಣೋ," ಎಂದ ಸ್ತೆರ್ಯೋಸ್.

ಸೂತಕದ ಇಪ್ಪತ್ತಮೂರನೆಯ ದಿನ ಬೆಳಗ್ಗೆ ಮಂಜಿನೊಳಗೆಲ್ಲೋ ದೊಪ್ಪೆಂದಿತು. ಕಲ್ಲುಗಣಿಯ ಸಿಡಿತವೆಂದುಕೊಂಡ. ಆದರೆ ಬಿದ್ದಿದ್ದು ತರಬೇತಿ ವಿಮಾನ. ಕಲಿಸುತ್ತಿದ್ದ ಕೋಸ್ಮಾಸ್ ಅಲ್ಲೇ ಸತ್ತಿದ್ದ. ಕಲಿಯುತ್ತಿದ್ದ ಇಪ್ಪತ್ತರ ಹುಡುಗಿ ದನಾಯಿಯ ಕಾಲು ಸೀಟಿನಡಿ ಸಿಕ್ಕಿತ್ತು. ಹುಡುಕುವವರು ಬೆಟ್ಟದ ಆ ಮಗ್ಗುಲಲ್ಲಿದ್ದರು. ಕೂಗಿ ಕೂಗಿ ದನಿ ಹೋದ ಮೇಲೆ ಅವಳು ಬೆಲ್ಟಿನ ಬಕಲಿನಿಂದ ಮುರಿದ ರೆಕ್ಕೆಯನ್ನು ಬಡಿಯತೊಡಗಿದಳು.

ಮಧ್ಯಾಹ್ನ ಆ ಸಣ್ಣ ಸದ್ದು ಸ್ತೆರ್ಯೋಸನ ಕಿವಿಗೆ ಬಿತ್ತು. ಮಂದೆಯನ್ನು ನಾಯಿಗಳಿಗೆ ಒಪ್ಪಿಸಿ, ಕಮರಿಯ ಜಾರುಗಲ್ಲುಗಳ ಮೇಲೆ ಕೈಕಾಲೂರಿ ಹೋದ. ಸೀಟನ್ನು ಕೋಲಿನಿಂದ ಮೀಟಿ ಕಾಲು ಬಿಡಿಸಿದ. ಅದೇ ಕೋಲನ್ನು ಮುರಿದು ಆ ಕಾಲಿಗೆ ಕಟ್ಟಿದ. ಕಂಬಳಿಯನ್ನು ಸತ್ತವನಿಗೆ ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ಬೇಗ ಬರುತ್ತೇನೆಂದು ಹೇಳಿದ. ಬದುಕಿದವಳಿಗೆ ತನ್ನ ಮೈಮೇಲಿದ್ದ ಉಳಿದ ಬಟ್ಟೆಯೆಲ್ಲ ಸುತ್ತಿ, ಕಮರಿಯಾಚೆ ಕಟ್ಟಿದ್ದ ಹೇಸರಗತ್ತೆಯವರೆಗೆ ಬೆನ್ನ ಮೇಲೆ ಹೊತ್ತ. ಅವಳು ನಿದ್ದೆಗೆ ಜಾರಬಾರದೆಂದು ದಾರಿಯುದ್ದಕ್ಕೂ ಒಂದೊಂದು ಕುರಿಯ ಹೆಸರು ಹೇಳಿ ಅವಳಿಂದ ಹೇಳಿಸಿದ. ಇನ್ನೊಂದು ಗಂಟೆ ತಡವಾಗಿದ್ದರೆ ಚಳಿಯೇ ಕೊಲ್ಲುತ್ತಿತ್ತು ಎಂದರು ಡಾಕ್ಟರು. ಅವರಿಗೆ ಅವಳನ್ನು ಒಪ್ಪಿಸಿದವನು ಬ್ರೆಡ್ಡಿನ ಚೂರೂ ಮುಟ್ಟದೆ, ಜನರನ್ನು ಕರೆದುಕೊಂಡು ಕೋಸ್ಮಾಸನ ಬಳಿಗೆ ಹೊರಟ. ಕಂಬಳಿ ಅವನೊಂದಿಗೇ ಮಣ್ಣಿಗೆ ಹೋಯಿತು.

ಈಗ ದನಾಯಿ ಊರುಗೋಲು ಊರುತ್ತ ಎದ್ದು ಬಂದಳು. ಕಾಫಿಯಲ್ಲಿ ಮಿಂದ ಪದಕವನ್ನು ಒರೆಸಿ ಮುದುಕನ ಅಂಗೈಯಲ್ಲಿಟ್ಟಳು. ಆರು ತಿಂಗಳಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದಳು.

"ತಾತ, ಅಷ್ಟು ಮಂಜಲ್ಲಿ, ನಾನಿದೀನಿ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ನಗುತ್ತಿದ್ದವರು ಹತ್ತಿರ ಸರಿದರು. ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡರು. ಸ್ತೆರ್ಯೋಸ್ ಅಪರಾಧಿಯಂತೆ ತಲೆ ತಗ್ಗಿಸಿದ.

"ಗೊತ್ತಿರ್ಲಿಲ್ಲ ಮಗಳೇ. ಯಾವ್ದೋ ಗಂಟೆಯಿಂದ ಉಣ್ಣೆ ಬಿದ್ದೋಗಿದೆ ಅಂದ್ಕೊಂಡೆ. ಅದರ ಬಾಯಿ ಮುಚ್ಚೋಕೆ ಬಂದಿದ್ದೆ."