ನೀಲಿ ತಾಟಿನ ಎಣ್ಣೆಗಾಯಿ

ಕಾಕುವಿನ ಬಲಗೈ ನಡುಬೆರಳಿನ ಗೆಣ್ಣು ಉಳಿದವಕ್ಕಿಂತ ದಪ್ಪಗೆ, ಕೆಂಪಗೆ ಇತ್ತು. ಹಳೆ ಸಾಮಾನಿನ ಅಂಗಡಿಯಲ್ಲಿ ಪಿಂಗಾಣಿ ತಾಟು ಕಂಡರೆ ಸಾಕು, ಅದನ್ನು ಎಡಗೈ ಬೆರಳತುದಿಗಳ ಮೇಲೆ ಎತ್ತಿ ಹಿಡಿದು, ಆ ಗೆಣ್ಣಿನಿಂದ ಒಮ್ಮೆ ಕುಟ್ಟಿ ಕಿವಿ ಕೊಡುತ್ತಿದ್ದರು. ಸದ್ದು ಉದ್ದಕ್ಕೆ ಹರಿದರೆ ತಾಟು ಗಟ್ಟಿ. ಥಪ್ಪೆಂದು ನಿಂತರೆ ಎಲ್ಲೋ ಕೂದಲೆಳೆಯಷ್ಟು ಬಿರುಕು. ಹೀಗೆ ಕುಟ್ಟಿ ಕುಟ್ಟಿಯೇ ಗೆಣ್ಣು ದಪ್ಪವಾಯಿತೆಂದು ನಾನು ನಂಬಿದ್ದೆ. ಅದು ಸಂಧಿವಾತ ಎನ್ನುತ್ತಾಳೆ ನನ್ನ ಹೆಂಡತಿ. ಅವಳೇ ಸರಿಯಿರಬೇಕು. ನನ್ನ ನೆನಪಿಗೆ ಒಳ್ಳೆಯ ಕಾರಣಗಳನ್ನು ಹೊಲಿದುಕೊಳ್ಳುವ ಚಟವಿದೆ.

ಈ ಡಚ್ ಊರು ಜೂಟರ್‌ಮೀರ್‌ನಲ್ಲಿ ನಮ್ಮ ಮೇಲಿನ ಮನೆ ಅವರದು. ಧಾರವಾಡದ ಕಡೆಯವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ನಮಗೆ ಸಂಬಂಧಿಕರೇನಲ್ಲ. ಮೊದಲ ದಿನ ನಾನು ಆಂಟಿ ಎಂದಿದ್ದಕ್ಕೆ, "ಆಂಟಿ ಅಂದ್ರ ಬಾಗ್ಲಾ ತೆಗಿಯೂದಿಲ್ಲ ನೋಡು, ಕಾಕು ಅನ್ನು" ಎಂದಿದ್ದರು.

ಅವರು ಕೂಡಿಸುತ್ತಿದ್ದುದು ಇದೇ ದೇಶದ ಮಾಸ್ಟ್ರಿಕ್ಟ್ ಕಡೆಯ ಹಳೆಯ ಬಡಿಸುವ ತಾಟುಗಳನ್ನು. ತಾಮ್ರದ ತಗಡಿನಲ್ಲಿ ಕೊರೆದ ಚಿತ್ರವನ್ನು ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ಮಣ್ಣಿನ ತಾಟಿಗೆ ಅಂಟಿಸಿ ಬಣ್ಣ ಇಳಿಸಿ, ಮೇಲೆ ಗಾಜಿನಂಥ ಲೇಪ ಕೊಟ್ಟು ಸುಟ್ಟಂಥವು. ಕಾಗದದ ಅಂಚುಗಳು ಕೂಡುವಲ್ಲಿ ಚಿತ್ರ ಹೊಂದದೆ ಉಳಿದಿದ್ದರೆ ಕಾಕುವಿಗೆ ಹಬ್ಬ. "ಹೂವಿನ ಅರ್ಧ ಎಲ್ಲಿ ಹೋತು ಹೇಳು? ಅಂಟಸೂವಾಕಿಗೆ ಊಟದ ಹೊತ್ತಾಗಿತ್ತು!"

ಬೇರೆಯವರು ಇಂಥವನ್ನು ಗೋಡೆಗೆ ತೂಗುಹಾಕುತ್ತಾರೆ. ಕಾಕು ನಗುತ್ತಿದ್ದರು: "ಗ್ವಾಡಿ ಏನ್ ಉಣ್ಣತೈತೇನ?" ಅವರ ಮನೆಯಲ್ಲಿ ತಾಟುಗಳು ದುಡಿಯುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ನೀಲಿ ತಾಟಿನಲ್ಲಿ, ಸೇತುವೆ ಮತ್ತು ದೋಣಿಯ ಚಿತ್ರದ ಮೇಲೆ, ಭಾನುವಾರ ಬದನೆಕಾಯಿ ಎಣ್ಣೆಗಾಯಿ ಹರಡಿರುತ್ತಿತ್ತು. ಹುಣಸೆಹುಳಿ, ಬೆಲ್ಲ, ಗುರೆಳ್ಳು. ಉಳಿದದ್ದನ್ನು ಅದರಲ್ಲೇ ಮುಚ್ಚಿಡುತ್ತಿದ್ದರು, ಮರುದಿನ ರುಚಿ ಹೆಚ್ಚೆಂದು. ತಾಟಿನ ಲೇಪ ಜೇಡರ ಬಲೆಯಂತೆ ಬಿರಿದಿತ್ತು. ಆ ಗೆರೆಗಳಲ್ಲೆಲ್ಲ ಅರಿಸಿನ ಇಳಿದಿತ್ತು.

ಹೆಂಡತಿ ಬಸುರಿಯಾಗಿ ನಾಲ್ಕನೆಯ ತಿಂಗಳು. ಹಳೆಯ ಲೇಪಗಳಲ್ಲಿ ಸೀಸ ಇರುತ್ತದೆ, ಹುಳಿ ಅದನ್ನು ಎಬ್ಬಿಸಿ ಊಟಕ್ಕೆ ಬೆರೆಸುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬ ಊಟದ ಮಧ್ಯೆ ಸುಮ್ಮನೆ ಹೇಳಿದ. ನಾನು ಊಟ ಬಿಟ್ಟು ಎದ್ದೆ. ಸೀಸ ತಾಗಿದರೆ ಬಣ್ಣ ಬದಲಿಸುವ ಹತ್ತಿಕಡ್ಡಿ ತಂದು, ಕಾಕುವಿನ ಮುಂದೆಯೇ ನೀಲಿ ತಾಟಿಗೆ ಉಜ್ಜಿದೆ. ಕೆಂಪಾಯಿತು.

"ನನ್ನ ಮನಿ ಅನ್ನದಾಗ ವಿಷ ಹುಡುಕಾಕ ಬಂದೀಯೇನ?" ಎಂದು ಸಿಡಿದರು. ಆಮೇಲೆ ಕಡ್ಡಿಯ ತುದಿಯನ್ನೇ ನೋಡುತ್ತ ಕೆಳಗೆ ಕುಳಿತರು. "ಕೂಸಿಗೆ ತಾಗತೈತೇನೋ?"

ವೈದ್ಯೆ ಹೆಂಡತಿಯ ರಕ್ತ ತೆಗೆಸಲು ಹೇಳಿದರು. ಅವರು ಕೇಳಿದ್ದು ಸರಳ ಪ್ರಶ್ನೆ: ಎಷ್ಟು ಸಲ, ಎಷ್ಟು ತಿಂದಿರಿ? ಅಲ್ಲಿ ನಾನು ಆಗೊಮ್ಮೆ ಈಗೊಮ್ಮೆ ಎಂದೆ. ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ನನ್ನ ನೆನಪಿನಲ್ಲಿ ಅದು ಪ್ರತಿ ಭಾನುವಾರವಾಗಿತ್ತು. ವರದಿ ಕಾಯುವಾಗ ಅವಳು ರೊಟ್ಟಿಚೂರಿನಿಂದ ತಾಟಿನ ತಳದ ರಸ ಬಳಿದು ತಿನ್ನುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು, ಬಳೆಯ ಸದ್ದಿನ ಸಮೇತ. ಟ್ರಾಮಿನಲ್ಲಿ ಕೂತಾಗ ಎದುರಿನ ಮಗು ನೆಟ್ಟಗೆ ನೋಡಿದರೂ ಹೆದರುತ್ತಿದ್ದೆ, ನೋಡದಿದ್ದರೂ ಹೆದರುತ್ತಿದ್ದೆ.

"ನಂಗೆ ಆಗ ಬದನೆಕಾಯಿ ವಾಸನೆನೇ ಆಗ್ತಿರ್ಲಿಲ್ಲ ಕಣೋ," ಎಂದಳು ಹೆಂಡತಿ. "ರಸ ಬಳ್ಕೊಂಡು ತಿಂದಿದ್ದು ನೀನು."

ಅದನ್ನೂ ನಂಬಲಾಗಲಿಲ್ಲ, ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅನ್ನಿಸಿತು. ಕಾಕು ನನ್ನ ಮುಖವನ್ನೇ ನೋಡಿ ಹೇಳಿದರು: "ನೀ ನೆನಸಾಕತ್ತಿಲ್ಲಪಾ, ಅಂಜಾಕತ್ತೀ."

ಹೆಂಡತಿಯ ವರದಿ ಚೆನ್ನಾಗಿ ಬಂತು. ನನ್ನ ಭಯ ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ರಕ್ತ ಹೇಳುವುದು ಹೆಚ್ಚಾಗಿ ಈಚಿನ ಮಾತು, ಮೊದಲ ವಾರಗಳಲ್ಲಿ ಏನಾಯಿತೋ ಯಾರು ಬಲ್ಲರು ಎಂದು ವಾದ ಹೂಡಿದೆ. ಆಗ ಕಾಕು ಒಂದು ಮಾತು ಹೇಳಿದರು, ನನ್ನ ಓದಿಗೆ ಹೊಳೆಯದಿದ್ದದ್ದು. "ವರ್ಷಗಟ್ಟಲೆ ದಿನಾ ಅದರಾಗ ಉಂಡಾಕಿ ನಾ. ನನ್ನ ರಕ್ತ ನೋಡಸ್ತೀನಿ. ನನ್ನೊಳಗ ಇಲ್ಲಂದ್ರ ಆಕಿ ಒಳಗ ಎಲ್ಲಿಂದ ಬರತೈತಿ?"

ಹೋಗಿ ಬಂದರು. ಕೆಲವು ದಿನಗಳ ಮೇಲೆ ನಮ್ಮ ಬಾಗಿಲಲ್ಲಿ ನಿಂತು, "ನಂದೂ ಏನೂ ಇಲ್ಲಂತ. ಇನ್ನ ಉಂಡು ಮಲಕ್ಕೋ," ಎಂದರು. ಎಲ್ಲದಕ್ಕೂ ಆಧಾರ ಕೇಳುವವನು ನಾನು. ಅಂದು ಏನೂ ಕೇಳಲಿಲ್ಲ. ಉಂಡೆ, ಮಲಗಿದೆ.

ಮಗ ಹುಟ್ಟಿದ. ಅವನಿಗೆ ಏನೂ ತೊಂದರೆಯಿಲ್ಲ ಎಂದು ಖಚಿತವಾದ ಮೇಲೆ, ಒಂದು ದಿನ ಕೂಸನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಕಾಕು ಸುಮ್ಮನೆಂಬಂತೆ ಹೇಳಿದರು: "ನನ್ನ ರಕ್ತದಾಗ ಭಾಳ ಇತ್ತಂತ. ಈಗ ಇಳದೈತಿ ಬಿಡು." ನನ್ನ ಕೈಯಲ್ಲಿದ್ದ ಬಿಸಿನೀರಿನ ಬಕೆಟ್ಟನ್ನು ಅಲ್ಲೇ ಇಟ್ಟೆ. ಅವರು ಕೂಸಿನ ಮೂಗು ತಿದ್ದುತ್ತಿದ್ದರು.

ಆಮೇಲೆ ಅವರ ತಾಟುಗಳೂ ಗೋಡೆ ಸೇರಿದವು. ಹೊಸದನ್ನು ಕೊಳ್ಳುವುದು ಮಾತ್ರ ಬಿಡಲಿಲ್ಲ. ಹೋದಾಗಲೆಲ್ಲ ಸ್ಟೀಲ್ ಡಬ್ಬಿಯಿಂದ ಬಡಿಸುತ್ತ, "ನೋಡು, ಹೆಂಗ ಹಸದು ನಿಂತಾವ," ಎನ್ನುತ್ತಿದ್ದರು.

ಕಳೆದ ಚಳಿಗಾಲ ಅವರು ತೀರಿಕೊಂಡರು. ಹೃದಯ ಎಂದರು. ಸೀಸಕ್ಕೂ ಹೃದಯಕ್ಕೂ ನಂಟಿದೆ ಎಂದು ಓದಿದ್ದೇನೆ. ಒಬ್ಬರ ಸಾವಿನಿಂದ ಏನನ್ನೂ ರುಜುವಾತು ಮಾಡಲಾಗದು ಎಂದೂ ಗೊತ್ತು. ಎರಡೂ ಗೊತ್ತಿರುವುದರಿಂದ ಹೆದರಿಕೆ ಕಡಿಮೆಯಾಗಿಲ್ಲ.

ಈಚೆಗೆ ಹೆಂಡತಿಯೊಡನೆ ಅವರ ಮಾತು ಬಂದಾಗ, ನನಗಾಗಿ ಅವರು ಆಡಿದ ಸುಳ್ಳನ್ನು ನೆನೆದೆ. ಅವಳು ಕೆಲಸ ನಿಲ್ಲಿಸಿ ನನ್ನತ್ತ ತಿರುಗಿದಳು. "ಅವ್ರು ಸುಳ್ಳು ಹೇಳ್ಳೇ ಇಲ್ವಲ್ಲೋ. 'ನಂದೇನ್ ಕೇಳ್ತೀ, ನೀ ಉಂಡು ಮಲಕ್ಕೋ' ಅಂದ್ರು ಅಷ್ಟೆ. ನಾನಲ್ಲೇ ಇದ್ದೆ."

ಅವರು ಸುಳ್ಳು ಹೇಳಿ ನನ್ನನ್ನು ಕಾಪಾಡಿದರೋ, ಬೇಕಾದ್ದನ್ನು ನಾನೇ ಕೇಳಿಸಿಕೊಂಡೆನೋ, ಇನ್ನು ತಿಳಿಯುವ ದಾರಿಯಿಲ್ಲ. ಆ ತಿಂಗಳುಗಳಲ್ಲಿ ನಾನು ನಿದ್ದೆ ಮಾಡಿದ್ದು ನಿಜ. ಮೇಲಿನ ಮನೆಯಲ್ಲಿ, ತಮ್ಮ ರಕ್ತದ ಸುದ್ದಿ ಗೊತ್ತಿದ್ದು, ಅವರು ಒಬ್ಬರೇ ಎಚ್ಚರವಿದ್ದದ್ದೂ ನಿಜ.